ಸಾಮಾಜಿಕ ಜಾಲತಾಣಗಳಲ್ಲಿ ಆಟಿಸಂ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪೋಷಕರಿಗೊಂದು ಮಾಹಿತಿ

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬಾಲ್ಯದಲ್ಲೇ ಗೋಚರಿಸಿ ಜೀವಮಾನವಿಡೀ ಜೊತೆಗಿರುವ ಒಂದು ಸ್ಥಿತಿ. ಇತರರೊಡನೆ ಬೆರೆಯುವ ಮತ್ತು ಸಂವಹನ ನಡೆಸುವ ರೀತಿಯಲ್ಲಿ ಭಿನ್ನತೆ, ಒಂದೇ ಬಗೆಯ ಚಲನೆ ಅಥವಾ ಆಸಕ್ತಿಗೆ ಅಂಟಿಕೊಳ್ಳುವುದು, ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದು ಇದರ ಮುಖ್ಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಇದು ಸಾಂಕ್ರಾಮಿಕವಲ್ಲ. ಇದನ್ನು ಇಲ್ಲವಾಗಿಸುವ ಔಷಧಿಯೂ ಇಲ್ಲ. ಆದರೆ ಚಿಕ್ಕ ವಯಸ್ಸಿನಲ್ಲೇ ಗುರುತಿಸಿ ಮಾತು, ನಡವಳಿಕೆ, ದೈನಂದಿನ ಕೌಶಲಗಳ ತರಬೇತಿ ನೀಡಿದಲ್ಲಿ ಮಗುವಿನ ಬದುಕು ಬಹಳಷ್ಟು ಸುಗಮವಾಗುತ್ತದೆ ಎಂಬುದರಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ.

ದಾವಣಗೆರೆ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳಲ್ಲಿ ಈ ಹೆಸರು ಮೊದಲು ಕೇಳಿಬರುತ್ತಿರುವುದು ಬಹುಪಾಲು ಮೊಬೈಲ್ ಮೂಲಕ. ಇದಕ್ಕೆ ಕಾರಣವಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಅಂತರ್ಜಾಲ ಅಗ್ಗವಾಯಿತು. ಚನ್ನಗಿರಿಯ ಅಡಿಕೆ ತೋಟದ ಮನೆಗೂ ಜಗಳೂರಿನ ಮಳೆಯಾಶ್ರಿತ ಹಳ್ಳಿಗೂ ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್‌ಆ್ಯಪ್ ಒಟ್ಟೊಟ್ಟಿಗೆ ತಲುಪಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿ, ಆಟಿಸಂ ಸೇರಿದಂತೆ 21 ಬಗೆಯ ಅಂಗವೈಕಲ್ಯಗಳಿಗೆ ಮಾನ್ಯತೆ ನೀಡಿತು. ಕಾಯ್ದೆಯ ಸುದ್ದಿ ಹಳ್ಳಿಗಳಿಗೆ ನಿಧಾನವಾಗಿ ಹೋಯಿತು. ವೀಡಿಯೊಗಳು ಬೇಗ ಹೋದವು. ಎರಡೂವರೆ ವರ್ಷವಾದರೂ ಮಾತು ಬಾರದ ಮಗುವಿನ ತಾಯಿ ಇಂದು ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸುವ ಮೊದಲೇ ಯೂಟ್ಯೂಬ್‌ನಲ್ಲಿ ಹುಡುಕುತ್ತಾಳೆ. ಅಲ್ಲಿ ಆಕೆಗೆ ಸಿಗುವ ಉತ್ತರದ ಮೇಲೆ ಮಗುವಿನ ಮುಂದಿನ ಒಂದೆರಡು ವರ್ಷ ನಿಂತಿರುತ್ತದೆ. ತರಬೇತಿ ಹೆಚ್ಚು ಫಲ ಕೊಡುವ ವರ್ಷಗಳೂ ಅವೇ.

ಹೆಸರಿನ ಹಿಂದಿನ ಕಥೆ

ಆಟಿಸಂ ಎಂಬ ಪದ ಗ್ರೀಕ್ ಭಾಷೆಯ ‘ತಾನು’ ಎಂಬರ್ಥದ ಪದದಿಂದ ಬಂದುದು. ಸ್ವಿಸ್ ಮನೋವೈದ್ಯ ಯೂಜೆನ್ ಬ್ಲ್ಯೂಲರ್ 20ನೆಯ ಶತಮಾನದ ಆರಂಭದಲ್ಲಿ ಇದನ್ನು ಬೇರೊಂದು ಮನೋರೋಗದ ಲಕ್ಷಣ ಹೇಳಲು ಬಳಸಿದ್ದರು. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ 11 ಮಕ್ಕಳ ವಿವರಗಳನ್ನು ಪ್ರಕಟಿಸಿ ಇದನ್ನು ಪ್ರತ್ಯೇಕ ಸ್ಥಿತಿಯೆಂದು ಗುರುತಿಸಿದರು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇಂತಹುದೇ ವಿವರಣೆ ನೀಡಿದರು. ಇವರಿಬ್ಬರಿಗಿಂತ ಬಹಳ ಹಿಂದೆ, 1925ರಲ್ಲೇ, ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. 1979ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೂಲ್ಡ್ ನಡೆಸಿದ ಸಮೀಕ್ಷೆಯ ಬಳಿಕ, ಇದು ಒಂದೇ ಅಚ್ಚಿನ ಕಾಯಿಲೆಯಲ್ಲ, ಹಲವು ಛಾಯೆಗಳ ಸಾಲು ಎಂಬ ತಿಳಿವಳಿಕೆ ಬಲಗೊಂಡಿತು. 2013ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯ 5ನೆಯ ಆವೃತ್ತಿ ಹಿಂದಿನ ಉಪಹೆಸರುಗಳನ್ನೆಲ್ಲ ಕೈಬಿಟ್ಟು ‘ಆಟಿಸಂ ಸ್ಪೆಕ್ಟ್ರಂ’ ಎಂಬ ಒಂದೇ ಹೆಸರನ್ನು ಉಳಿಸಿಕೊಂಡಿತು.

ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ಸರ್ಕಾರಿ ಕಡತಗಳಲ್ಲೂ ಪತ್ರಿಕೆಗಳಲ್ಲೂ ರೂಢಿಗೆ ಬಂದಿದೆ. ಪದವೇನೋ ಅಂದವಾಗಿದೆ, ಆದರೆ ಅರ್ಥ ದಾರಿ ತಪ್ಪಿಸುತ್ತದೆ. ತನ್ನಲ್ಲೇ ಲೀನವಾದವನು ಎಂದರೆ ಯೋಗಿಯೋ ಉದಾಸೀನನೋ ಎಂಬ ಭಾವನೆ ಬರುತ್ತದೆ. ಪಕ್ಕದ ಮನೆಯ ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವ ಮಗು ಹೊರಗಿನ ಲೋಕವನ್ನು ಬೇಕಾದ್ದಕ್ಕಿಂತ ಹೆಚ್ಚೇ ಗ್ರಹಿಸುತ್ತಿರುತ್ತದೆ. ಹಳ್ಳಿಯ ಮಾತಿನಲ್ಲಿ ಇಂಥ ಮಗುವನ್ನು ‘ಮಾತು ತಡ’, ‘ಹಟಮಾರಿ’, ‘ಬುದ್ಧಿ ಸಾಲದು’ ಎಂದು ಕರೆಯುವುದುಂಟು. ಗಂಡುಮಕ್ಕಳಿಗೆ ಮಾತು ತಡವೆಂಬ ಸಮಾಧಾನ, ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತದೆಂಬ ನಂಬಿಕೆ, ದೇವರಿಗೆ ಹರಕೆ, ಇವೆಲ್ಲ ಮೊಬೈಲ್‌ಗಿಂತ ಹಳೆಯವು. ಜಾಲತಾಣಗಳು ಇವುಗಳನ್ನು ಅಳಿಸಲಿಲ್ಲ. ಅದೇ ಬಜೆ, ಅದೇ ಹರಕೆ ಈಗ ವೀಡಿಯೊ ರೂಪದಲ್ಲಿ ಮರಳಿ ಬರುತ್ತಿವೆ.

ಪರದೆಯ ಮೇಲೆ ಕಾಣುವ ಆಟಿಸಂ

ಆಟಿಸಂ ಕುರಿತ ಜನಪ್ರಿಯ ಚಿತ್ರಣ ಸಿನಿಮಾದಿಂದ ಆರಂಭವಾಯಿತು. 1988ರ ಹಾಲಿವುಡ್ ಚಿತ್ರ ‘ರೇನ್ ಮ್ಯಾನ್’ ಆಟಿಸಂ ಉಳ್ಳವರೆಂದರೆ ಲೆಕ್ಕದಲ್ಲಿ ಅಸಾಧಾರಣರು ಎಂಬ ಕಲ್ಪನೆಯನ್ನು ಜಗತ್ತಿಗೆ ಹಂಚಿತು. ಹಿಂದಿಯಲ್ಲಿ 2010ರ ‘ಮೈ ನೇಮ್ ಈಸ್ ಖಾನ್’, 2012ರ ‘ಬರ್ಫಿ’ ಚಿತ್ರಗಳು ಈ ಪಾತ್ರಗಳನ್ನು ನಾಯಕ, ನಾಯಕಿಯರ ಸ್ಥಾನಕ್ಕೆ ತಂದವು. ಇವುಗಳ ತುಣುಕುಗಳೇ ಇಂದು ರೀಲ್ಸ್‌ಗಳಾಗಿ ಓಡಾಡುತ್ತಿವೆ. ಐನ್‌ಸ್ಟೈನ್, ನ್ಯೂಟನ್‌ರಿಗೂ ಆಟಿಸಂ ಇತ್ತು ಎಂಬ ಸಂದೇಶಗಳಿಗೂ ಕೊರತೆಯಿಲ್ಲ. ಬದುಕಿಲ್ಲದವರಿಗೆ ರೋಗನಿರ್ಣಯ ಮಾಡುವುದು ಸುಲಭ. ವಾಸ್ತವದಲ್ಲಿ ಅಸಾಧಾರಣ ಪ್ರತಿಭೆಯುಳ್ಳವರು ಅಲ್ಪಸಂಖ್ಯಾತರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ 8 ವರ್ಷದ ಮಕ್ಕಳ ಬಗ್ಗೆ ಕಲೆಹಾಕಿದ ಮಾಹಿತಿಯಂತೆ, ಬುದ್ಧಿಮತ್ತೆಯ ದಾಖಲೆ ಲಭ್ಯವಿದ್ದ ಆಟಿಸಂ ಮಕ್ಕಳಲ್ಲಿ ಸುಮಾರು ಶೇ. 40 ಮಂದಿಗೆ ಬೌದ್ಧಿಕ ನ್ಯೂನತೆಯೂ ಜೊತೆಗಿತ್ತು. ಮಗನಲ್ಲಿ ಅಡಗಿರುವ ಮಹಾಪ್ರತಿಭೆಗಾಗಿ ಕಾಯುವ ತಂದೆ, ಆತನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲು ಮರೆತರೆ ನಷ್ಟ ಮಗುವಿನದು.

ಇದೇ ಸಮೀಕ್ಷೆ 2000ದಲ್ಲಿ 150 ಮಕ್ಕಳಿಗೆ ಒಬ್ಬರೆಂದೂ 2022ರಲ್ಲಿ 31 ಮಕ್ಕಳಿಗೆ ಒಬ್ಬರೆಂದೂ ಲೆಕ್ಕ ಕೊಟ್ಟಿತು. ‘ಮಹಾಮಾರಿ’ ಎಂಬ ಶೀರ್ಷಿಕೆಯೊಂದಿಗೆ ಈ ಎರಡು ಅಂಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ವ್ಯಾಖ್ಯೆ ವಿಸ್ತಾರಗೊಂಡದ್ದು, ತಪಾಸಣೆ ಹೆಚ್ಚಿದ್ದು, ಹಿಂದೆ ಬುದ್ಧಿಮಾಂದ್ಯರೆಂದು ದಾಖಲಾಗುತ್ತಿದ್ದವರು ಈಗ ಆಟಿಸಂ ಪಟ್ಟಿಗೆ ಸೇರಿದ್ದು ಈ ಏರಿಕೆಯ ದೊಡ್ಡ ಪಾಲಿಗೆ ಕಾರಣ ಎಂಬ ವಿವರಣೆ ಅದೇ ಸಂದೇಶದಲ್ಲಿ ಇರುವುದಿಲ್ಲ.

ಜಾಲತಾಣದ ಮಾಹಿತಿ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು ಅಳೆಯುವ ಯತ್ನವೂ ನಡೆದಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಟಿಕ್‌ಟಾಕ್‌ನಲ್ಲಿ ಆಟಿಸಂ ಕುರಿತು ಮಾಹಿತಿ ನೀಡುತ್ತಿದ್ದ, ಹೆಚ್ಚು ವೀಕ್ಷಣೆ ಕಂಡ 133 ವೀಡಿಯೊಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಿಖರವಾಗಿದ್ದವು ಶೇ. 27 ಮಾತ್ರ. ಶೇ. 41ರಷ್ಟು ತಪ್ಪು ಮಾಹಿತಿ ಹೊಂದಿದ್ದರೆ, ಉಳಿದ ಶೇ. 32 ಒಬ್ಬರ ಅನುಭವವನ್ನು ಎಲ್ಲರಿಗೂ ಅನ್ವಯಿಸಿದ್ದವು. ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್‌ನಲ್ಲೇ ನಿಷೇಧಗೊಂಡಿತು. ಆದರೆ ಇನ್‌ಸ್ಟಾಗ್ರಾಂ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್ ಅದೇ ಜಾಗವನ್ನು ತುಂಬಿರುವುದರಿಂದ ಅಲ್ಲಿನ ಗುಣಮಟ್ಟ ಬೇರೆಯೆಂದು ಭಾವಿಸಲು ಆಧಾರವಿಲ್ಲ. ನೋಡುಗರು ಒಮ್ಮೆ ಒಂದು ವೀಡಿಯೊ ನೋಡಿದರೆ ಅಂತಹುದೇ ಹತ್ತು ವೀಡಿಯೊಗಳನ್ನು ತಂದು ಮುಂದಿಡುವುದು ಈ ವ್ಯವಸ್ಥೆಯ ರೀತಿ. ಸುಳ್ಳನ್ನು ನೋಡಿದವರಿಗೆ ಸುಳ್ಳೇ ಹೆಚ್ಚು ಸಿಗುತ್ತದೆ.

ಇಂಗ್ಲಿಷ್ ಬಲ್ಲವರಿಗೆ ಒಂದು ಅನುಕೂಲವಿದೆ. ಆಟಿಸಂ ಉಳ್ಳ ವಯಸ್ಕರೇ ತಮ್ಮ ಬಗ್ಗೆ ಮಾತನಾಡುವ ಪರಂಪರೆ ಆ ಭಾಷೆಯಲ್ಲಿ ಬೆಳೆದಿದೆ. 1993ರಲ್ಲಿ ಜಿಮ್ ಸಿಂಕ್ಲೇರ್, ತಮ್ಮಂಥವರಿಗಾಗಿ ಶೋಕಿಸಬೇಡಿ ಎಂದು ಪೋಷಕರಿಗೆ ಹೇಳಿದ ಬರಹ ಈ ಪರಂಪರೆಯ ಮೈಲಿಗಲ್ಲು. 2009ರಲ್ಲಿ ಅಮೆರಿಕದ ‘ಆಟಿಸಂ ಸ್ಪೀಕ್ಸ್’ ಸಂಸ್ಥೆ ಆಟಿಸಂ ಅನ್ನು ಸಂಸಾರ ಮುರಿಯುವ ಶತ್ರುವಿನಂತೆ ಚಿತ್ರಿಸಿದ ಕಿರುಚಿತ್ರವನ್ನು ಹೊರತಂದಾಗ ಇವರ ಪ್ರತಿಭಟನೆಯಿಂದಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಏಪ್ರಿಲ್ 2ರಂದು, ಅಂದರೆ 2008ರಿಂದ ಆಚರಣೆಯಲ್ಲಿರುವ ವಿಶ್ವ ಆಟಿಸಂ ಜಾಗೃತಿ ದಿನದಂದು, ನೀಲಿ ದೀಪ ಮತ್ತು ಒಗಟಿನ ತುಂಡಿನ ಚಿಹ್ನೆ ಹಂಚುವವರಿಗೆ ಅನೇಕ ವಯಸ್ಕರು ಆಕ್ಷೇಪ ವ್ಯಕ್ತಪಡಿಸುವುದು ಇದೇ ಹಿನ್ನೆಲೆಯಲ್ಲಿ. ಒಗಟಿನ ಚಿಹ್ನೆ 1963ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದಾಗ ಅದರೊಳಗೆ ಅಳುವ ಮಗುವಿನ ಚಿತ್ರವಿತ್ತು. ‘ನಾವು ಒಗಟುಗಳಲ್ಲ’ ಎಂಬುದು ಆಕ್ಷೇಪಿಸುವವರ ವಾದ. ಕನ್ನಡದಲ್ಲಿ ಈ ದನಿ ಇನ್ನೂ ಕ್ಷೀಣ. ಕನ್ನಡದ ವೀಡಿಯೊಗಳಲ್ಲಿ ಮಾತನಾಡುವವರು ಹೆಚ್ಚಾಗಿ ತಾಯಂದಿರು, ಚಿಕಿತ್ಸಕರು ಮತ್ತು ಜಾಹೀರಾತುದಾರರು.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಆದ ಒಂದು ಅಧ್ಯಾಯವಿದೆ. 1989ರಲ್ಲಿ ಜನಿಸಿದ ಟಿಟೊ ರಾಜರ್ಷಿ ಮುಖ್ಯೋಪಾಧ್ಯಾಯ ಬಾಲ್ಯದ ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದವರು. ಮಾತು ಬಹಳ ಕಡಿಮೆ. ತಾಯಿ ಸೋಮಾ ಅಕ್ಷರ ಹಲಗೆಯ ಸಹಾಯದಿಂದ ಬರೆಯಲು ಕಲಿಸಿದರು. ಬಾಲಕನ ಬರಹ 2000ದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆಟಿಸಂ ಸಂಸ್ಥೆಯಿಂದ ಪುಸ್ತಕವಾಯಿತು, ಬಿಬಿಸಿ ಸಾಕ್ಷ್ಯಚಿತ್ರ ತೆಗೆಯಿತು. ಮಾತಿಲ್ಲದ ಮಗುವಿನೊಳಗೂ ಚಿಂತನೆ ಇರಬಹುದೆಂಬ ತಿಳಿವನ್ನು ಈ ಪ್ರಕರಣ ಹರಡಿತು. ಅನಂತರ ಕುಟುಂಬ ಅಮೆರಿಕಕ್ಕೆ ತೆರಳಿತು, ತಾಯಿಯ ವಿಧಾನ ಹಲವೆಡೆ ಬಳಕೆಗೆ ಬಂತು. ಆದರೆ ಇತರ ಮಕ್ಕಳ ಮೇಲೆ ಅದನ್ನು ಪ್ರಯೋಗಿಸಿದಾಗ ಹೊರಬರುವ ಮಾತು ಮಗುವಿನದೋ ಹಲಗೆ ಹಿಡಿದವರದೋ ಎಂಬ ಪ್ರಶ್ನೆ ಎದ್ದಿತು. 2018ರಲ್ಲಿ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ ಈ ವಿಧಾನವನ್ನು ಬಳಸಬಾರದೆಂದು ಅಧಿಕೃತವಾಗಿ ಸೂಚಿಸಿತು. ಇಂದಿಗೂ ಇಂತಹ ವೀಡಿಯೊಗಳು ಲಕ್ಷಾಂತರ ಜನರನ್ನು ಕರಗಿಸುತ್ತವೆ. ಆ ಸೂಚನೆಯನ್ನು ಹಂಚಿಕೊಳ್ಳುವವರು ವಿರಳ. ಒಬ್ಬ ಬಾಲಕನ ಯಶಸ್ಸು ಒಂದು ವಿಧಾನದ ಯಶಸ್ಸೆಂದು ಸಾಬೀತಾಗಬೇಕಾದರೆ ಪರೀಕ್ಷೆ ಬೇಕು.

ದೂಷಣೆಯ ಹೊಸ ಹೆಸರು

ಕಳೆದ ಕೆಲವು ವರ್ಷಗಳಲ್ಲಿ ಭಾರತದ ಜಾಲತಾಣಗಳಲ್ಲಿ ಅತಿ ಹೆಚ್ಚು ಹಬ್ಬಿರುವ ಪದವೆಂದರೆ ‘ವರ್ಚುವಲ್ ಆಟಿಸಂ’. ಮಗು ಹೆಚ್ಚು ಮೊಬೈಲ್ ನೋಡಿದ್ದರಿಂದಲೇ ಆಟಿಸಂ ಬಂದಿದೆ, ಮೊಬೈಲ್ ಬಿಡಿಸಿದರೆ ಹೋಗುತ್ತದೆ ಎಂಬುದು ಇದರ ಸಾರ. ರೊಮೇನಿಯಾದ ಮನಶ್ಶಾಸ್ತ್ರಜ್ಞ ಮಾರಿಯಸ್ ಝಾಂಫಿರ್ ಬಳಕೆಗೆ ತಂದ ಈ ಪದಕ್ಕೆ ಅಮೆರಿಕದ ಕೈಪಿಡಿಯಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಾಗಲಿ ಸ್ಥಾನವಿಲ್ಲ. ಅತಿಯಾದ ಪರದೆ ವೀಕ್ಷಣೆಯಿಂದ ಮಾತು ತಡವಾಗಬಹುದು, ನಿದ್ರೆ ಕೆಡಬಹುದು, ಒಡನಾಟ ಕಡಿಮೆಯಾಗಬಹುದು, ನಿಜ. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲ್ ಕೊಡಬಾರದೆಂಬ ಸಲಹೆಯೂ ಸರಿಯೇ. ಆದರೆ ಇದು ಬೇರೆ, ಆಟಿಸಂ ಬೇರೆ. 2022ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು 84,030 ತಾಯಿ-ಮಗು ಜೋಡಿಗಳ ಮಾಹಿತಿ ಪರಿಶೀಲಿಸಿ, ಒಂದು ವರ್ಷದ ವಯಸ್ಸಿನಲ್ಲಿ ಹೆಚ್ಚು ಪರದೆ ನೋಡಿದ ಗಂಡುಮಕ್ಕಳಲ್ಲಿ ಮೂರನೆಯ ವರ್ಷದ ಹೊತ್ತಿಗೆ ಆಟಿಸಂ ನಿರ್ಣಯ ಹೆಚ್ಚಾಗಿತ್ತೆಂದು ಕಂಡುಕೊಂಡಿತು. ಇದು ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನಲ್ಲ. ಜನರ ಮುಖಕ್ಕಿಂತ ಬಣ್ಣ, ಚಲನೆಗಳತ್ತ ಸಹಜವಾಗಿಯೇ ಸೆಳೆಯಲ್ಪಡುವ ಮಗು, ಕೈಗೆ ಸಿಕ್ಕ ಮೊಬೈಲ್‌ಗೆ ಬೇಗ ಅಂಟಿಕೊಳ್ಳುವುದು ಸಾಧ್ಯ. ಬೇರಾವುದಕ್ಕೂ ಸುಮ್ಮನಾಗದ ಮಗುವಿಗೆ ದಣಿದ ಮನೆಮಂದಿ ಮೊಬೈಲ್ ಕೊಡುವುದೂ ಸಾಧ್ಯ.

ಈ ಪದದಿಂದಾಗುವ ಹಾನಿ ಎರಡು ಬಗೆಯದು. ಮೊದಲನೆಯದು ಕಾಲಹರಣ. ‘ಆರು ತಿಂಗಳು ಮೊಬೈಲ್ ಬಿಡಿಸಿ ನೋಡೋಣ’ ಎಂದು ಕುಟುಂಬ ಕುಳಿತರೆ ಎರಡೂವರೆ ವರ್ಷದ ಮಗುವಿಗೆ ಮೂರು ತುಂಬುತ್ತದೆ. ಎರಡನೆಯದು ತಾಯಿಯ ಮೇಲೆ ಬೀಳುವ ಹೊರೆ. ಇದಕ್ಕೆ ಹಳೆಯ ಚರಿತ್ರೆಯಿದೆ. 1950, 60ರ ದಶಕಗಳಲ್ಲಿ ಆಟಿಸಂಗೆ ತಾಯಿಯ ವಾತ್ಸಲ್ಯದ ಕೊರತೆಯೇ ಕಾರಣವೆಂದು ವೈದ್ಯಲೋಕದ ಪ್ರಮುಖರೇ ನಂಬಿದ್ದರು. ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರ ಹೆಸರೂ ಚಾಲ್ತಿಯಲ್ಲಿತ್ತು. ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಇದನ್ನು ವಿಸ್ತರಿಸಿದರು. ಆಟಿಸಂ ಉಳ್ಳ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲೇ ಜೈವಿಕ ಕಾರಣಗಳನ್ನು ಮುಂದಿಟ್ಟಿದ್ದರೂ ಆ ವಾದ ಪೂರ್ತಿ ನೆಲೆಯೂರಲು ಇನ್ನೂ ವರ್ಷಗಳು ಬೇಕಾದವು. ಅವಳಿ ಮಕ್ಕಳ ಅಧ್ಯಯನಗಳು ಆನುವಂಶಿಕ ಅಂಶದ ಪಾತ್ರವನ್ನು ಸ್ಪಷ್ಟಪಡಿಸಿದ ನಂತರ ತಾಯಂದಿರಿಗೆ ಆ ಕಳಂಕದಿಂದ ಬಿಡುಗಡೆ ದೊರೆಯಿತು. ಈಗ ಫ್ರಿಜ್ ಹೋಗಿ ಮೊಬೈಲ್ ಬಂದಿದೆ, ಅಪರಾಧಿ ಮಾತ್ರ ಅದೇ ತಾಯಿ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಚನ್ನಗಿರಿಯ ಕೂಲಿ ಹೆಣ್ಣುಮಗಳು, ಮಗು ಬಿಸಿ ಹಂಡೆಯ ಹತ್ತಿರ ಹೋಗದಿರಲೆಂದು ಕೈಗೆ ಮೊಬೈಲ್ ಕೊಟ್ಟಿದ್ದರೆ, ಅದು ಆಕೆಗೆ ಮಕ್ಕಳ ಪಾಲನಾ ವ್ಯವಸ್ಥೆ ಇಲ್ಲದ್ದರ ಸಾಕ್ಷಿ. ಮಗನ ಆಟಿಸಂಗೆ ಆಕೆ ಹೊಣೆಯಲ್ಲ. ಅತ್ತೆ ಮನೆಯವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ವೀಡಿಯೊ ಕನ್ನಡದಲ್ಲಿ ತುರ್ತಾಗಿ ಬೇಕಾಗಿದೆ.

ಲಸಿಕೆ, ಮಾತ್ರೆ ಮತ್ತು ವದಂತಿ

1998ರಲ್ಲಿ ಬ್ರಿಟನ್ನಿನ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳ ವಿವರ ಆಧರಿಸಿ, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಪತ್ರಕರ್ತ ಬ್ರಯನ್ ಡೀರ್ ನಡೆಸಿದ ತನಿಖೆ ಇದರ ಹಿಂದಿನ ಅಕ್ರಮಗಳನ್ನು ಬಯಲಿಗೆಳೆಯಿತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ಹೆಸರು ವೈದ್ಯರ ನೋಂದಣಿಯಿಂದ ರದ್ದಾಯಿತು. 2019ರ ಡೆನ್ಮಾರ್ಕ್ ಅಧ್ಯಯನ 6,57,461 ಮಕ್ಕಳನ್ನು ಪರಿಶೀಲಿಸಿ ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ಹೇಳಿತು. ಆದರೂ 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದಾಗ ವಾಟ್ಸ್‌ಆ್ಯಪ್ ವದಂತಿಗಳು ಅಭಿಯಾನಕ್ಕಿಂತ ಮುಂದೆ ಓಡಿದ್ದವು. ಶಾಲೆಗಳಲ್ಲಿ ಪೋಷಕರಿಗೆ ತಿಳಿ ಹೇಳುವುದೇ ಆರೋಗ್ಯ ಸಿಬ್ಬಂದಿಗೆ ದೊಡ್ಡ ಕೆಲಸವಾಗಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಗರ್ಭಿಣಿಯರು ಪ್ಯಾರಾಸಿಟಮಾಲ್ ಸೇವಿಸುವುದಕ್ಕೂ ಮಕ್ಕಳ ಆಟಿಸಂಗೂ ನಂಟು ಕಲ್ಪಿಸಿದ ಹೇಳಿಕೆ ಕೆಲವೇ ಗಂಟೆಗಳಲ್ಲಿ ಕನ್ನಡದ ರೀಲ್ಸ್‌ಗೂ ಇಳಿಯಿತು. ಅಂತಹ ನಂಟನ್ನು ದೃಢಪಡಿಸುವ ನಿರ್ಣಾಯಕ ಪುರಾವೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎರಡೇ ದಿನಗಳಲ್ಲಿ ಸ್ಪಷ್ಟಪಡಿಸಿತು. ಸ್ವೀಡನ್ನಿನಲ್ಲಿ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿದ 2024ರ ಅಧ್ಯಯನ, ಒಡಹುಟ್ಟಿದವರನ್ನು ಪರಸ್ಪರ ಹೋಲಿಸಿದಾಗ ಸಂಬಂಧ ಕಾಣಲಿಲ್ಲ ಎಂದಿತ್ತು. ಗರ್ಭಿಣಿಗೆ ಬಂದ ಜ್ವರವನ್ನು ಔಷಧಿಯಿಲ್ಲದೆ ಬಿಡುವುದೇ ತಾಯಿ, ಮಗು ಇಬ್ಬರಿಗೂ ಅಪಾಯಕಾರಿ. ಮಾತ್ರೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ವಾಸಿಮಾಡುವೆವೆಂಬ ಜಾಹೀರಾತುಗಳ ಪ್ರಪಂಚ ಇನ್ನೂ ಅಪಾಯಕಾರಿ. ‘ಪವಾಡ ಖನಿಜ ದ್ರಾವಣ’ ಎಂಬ ಹೆಸರಿನಲ್ಲಿ ಮಾರಾಟವಾಗುವ ದ್ರವ ಕುಡಿದರೆ ಬಟ್ಟೆ ಬಿಳುಪಾಗಿಸುವ ರಾಸಾಯನಿಕ ಕುಡಿದಂತೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010 ಹಾಗೂ 2019ರಲ್ಲಿ ಎಚ್ಚರಿಸಿತ್ತು. ಮೈಯಿಂದ ಲೋಹದ ಅಂಶ ತೆಗೆಯುವುದಾಗಿ ನೀಡಿದ ಔಷಧಿಯಿಂದ 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ 5 ವರ್ಷದ ಆಟಿಸಂ ಬಾಲಕ ಮೃತಪಟ್ಟ. ನಮ್ಮ ದೇಶದಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಸ್ಟೆಮ್ ಸೆಲ್ ಚಿಕಿತ್ಸೆ. ನಗರಗಳ ಕೆಲವು ಖಾಸಗಿ ಆಸ್ಪತ್ರೆಗಳು ಲಕ್ಷಾಂತರ ರೂಪಾಯಿ ಪಡೆದು ಇದನ್ನು ನೀಡುತ್ತ ಬಂದಿದ್ದು, ಮೊದಲು ಮತ್ತು ನಂತರದ ವೀಡಿಯೊಗಳೇ ಅವುಗಳ ಜಾಹೀರಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತ ಸಂಬಂಧಿ ಕೆಲವು ಕಾಯಿಲೆಗಳಿಗೆ ನಡೆಯುವ ಕಸಿಯನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಪ್ರಮಾಣಿತ ಚಿಕಿತ್ಸೆಯಲ್ಲ. ಆಟಿಸಂಗೆ ಇದನ್ನು ಚಿಕಿತ್ಸೆಯಾಗಿ ನೀಡಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿಯೂ 2022ರ ಡಿಸೆಂಬರ್‌ನಲ್ಲಿ ಹೇಳಿತು. ಮಕ್ಕಳು ಬೆಳೆದಂತೆ ಅಷ್ಟಿಷ್ಟು ಕಲಿಯುವುದು ಸಹಜ. ಆ ಸಹಜ ಕಲಿಕೆಯನ್ನು ಸೂಜಿಯ ಖಾತೆಗೆ ಬರೆದರೆ ವೀಡಿಯೊ ಸಿದ್ಧ. ಅದಕ್ಕಾಗಿ ತೋಟ ಅಡ ಇಡುವ ಮುನ್ನ ಯಾವುದೇ ಕುಟುಂಬ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದು ಲೇಸು.

ಜಾಹೀರಾತಿನ ಹಿಂದಿರುವವರ ಅರ್ಹತೆ ತಿಳಿಯಲು ಸರಳ ದಾರಿಯೊಂದಿದೆ. ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ಪುನರ್ವಸತಿ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ನೋಂದಣಿಯಲ್ಲಿ ಹೆಸರು ಹೊಂದಿರಲೇಬೇಕು. ನೋಂದಣಿ ಸಂಖ್ಯೆ ಕೇಳುವುದು ಪೋಷಕರ ಹಕ್ಕು. ಅದನ್ನು ಹೇಳಲು ಹಿಂಜರಿಯುವವರಲ್ಲಿಗೆ ಮಗುವನ್ನು ಕರೆದೊಯ್ಯುವ ಅಗತ್ಯವಿಲ್ಲ. ಆರೋಗ್ಯ ಸಲಹೆ ನೀಡುವ ಪ್ರಭಾವಿಗಳು ತಮ್ಮ ಅರ್ಹತೆಯನ್ನು ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಮಗುವಿನ ಮುಖ, ಮಗುವಿನ ಮಾನ

ಪೋಷಕರೇ ನಡೆಸುವ ಪುಟಗಳ ಬಗ್ಗೆ ಒಂದೇ ಮಾತಿನ ತೀರ್ಪು ಕೊಡಲಾಗದು. ಹತ್ತಾರು ಕಿಲೋಮೀಟರ್ ಸುತ್ತಳತೆಯಲ್ಲಿ ತನ್ನಂಥ ಇನ್ನೊಬ್ಬ ತಾಯಿ ಇದ್ದಾಳೆಯೇ ಎಂದು ತಿಳಿಯದೆ ಒಂಟಿಯಾದವಳಿಗೆ ವಾಟ್ಸ್‌ಆ್ಯಪ್ ಗುಂಪು ನಿಜವಾದ ಆಸರೆ. ಹಲ್ಲುಜ್ಜಿಸುವುದು ಹೇಗೆ, ಕ್ಷೌರದಂಗಡಿಯಲ್ಲಿ ಅಳದಂತೆ ಮಾಡುವುದು ಹೇಗೆ, ಜಾತ್ರೆಯ ಗದ್ದಲಕ್ಕೆ ಕರೆದೊಯ್ಯಬೇಕೇ ಬೇಡವೇ ಎಂಬಂಥ ಪ್ರಶ್ನೆಗಳಿಗೆ ಪುಸ್ತಕಗಳಿಗಿಂತ ಇನ್ನೊಬ್ಬ ತಾಯಿಯ ಉತ್ತರ ಉಪಯುಕ್ತ. ಆದರೆ ಮಗು ನೆಲಕ್ಕೆ ಬಿದ್ದು ಹೊರಳಾಡುವ, ತಲೆ ಚಚ್ಚಿಕೊಳ್ಳುವ, ಬಟ್ಟೆ ಕೊಳೆ ಮಾಡಿಕೊಂಡ ದೃಶ್ಯಗಳನ್ನು ಸಾರ್ವಜನಿಕ ಪುಟಕ್ಕೆ ಹಾಕುವುದು ಬೇರೆ ವಿಷಯ. ಆ ಮಗು ನಾಳೆ ಇಪ್ಪತ್ತು ವರ್ಷದ ಯುವಕನಾಗುತ್ತಾನೆ. ಅವನ ಸಹಪಾಠಿಗಳಿಗೂ ಆ ವೀಡಿಯೊ ಸಿಗುತ್ತದೆ. ಸಂಕಟದ ಕ್ಷಣದಲ್ಲಿ ಕ್ಯಾಮೆರಾ ಹಿಡಿಯುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಆಟಿಸಂ ಉಳ್ಳ ವಯಸ್ಕರು ಪದೇ ಪದೇ ಎತ್ತುತ್ತಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳಬೇಕೆನ್ನುತ್ತದೆ. ಪೋಷಕರೇ ಹಂಚಿಕೊಂಡಾಗ ಮಗುವಿನ ಪರವಾಗಿ ನಿಲ್ಲುವವರಾರು ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ.

‘ಆಟಿಸ್ಟಿಕ್’ ಎಂಬ ಪದವನ್ನು ಬೈಗುಳವಾಗಿ ಬಳಸುವ ಚಾಳಿಯೂ ಕಮೆಂಟುಗಳಲ್ಲಿ ಬೆಳೆದಿದೆ. ಅಂಗವಿಕಲರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕವಾಗಿ ಅವಮಾನಿಸಿದರೆ 2016ರ ಕಾಯ್ದೆಯ 92ನೆಯ ಕಲಮಿನಡಿ 6 ತಿಂಗಳಿನಿಂದ 5 ವರ್ಷದವರೆಗೆ ಜೈಲುಶಿಕ್ಷೆ ಮತ್ತು ದಂಡಕ್ಕೆ ಅವಕಾಶವಿದೆ. ಅಂಗವಿಕಲರನ್ನು ಅಣಕಿಸುವ ಚಿತ್ರಣಕ್ಕೂ ಅವರ ಬದುಕನ್ನು ಅರ್ಥಮಾಡಿಸುವ ಹಾಸ್ಯಕ್ಕೂ ಇರುವ ಅಂತರವನ್ನು ವಿವರಿಸಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ದೃಶ್ಯ ಮಾಧ್ಯಮಗಳಿಗೆ ಮಾರ್ಗದರ್ಶನ ನೀಡಿದೆ.

ತಾಲ್ಲೂಕಿನಲ್ಲಿ ದೊರೆಯುವ ನೆರವು

ವೀಡಿಯೊ ನೋಡಿ ಅನುಮಾನ ಬಂದಲ್ಲಿ ಅದು ಒಳ್ಳೆಯದೇ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, ಬೇಕಾದ ವಸ್ತುವಿನತ್ತ ಬೆರಳು ಮಾಡಿ ತೋರಿಸದಿರುವುದು, 16 ತಿಂಗಳಾದರೂ ಒಂದು ಪದವಿಲ್ಲದಿರುವುದು, 2 ವರ್ಷವಾದರೂ ಎರಡು ಪದ ಜೋಡಿಸದಿರುವುದು, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತುಹೋಗುವುದು, ಇವು ಕಾಯದೆ ತೋರಿಸಬೇಕಾದ ಲಕ್ಷಣಗಳು. ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಕಿವಿ ಕೇಳದ ಮಗುವೂ ಹೆಸರಿಗೆ ತಿರುಗುವುದಿಲ್ಲ. ಜಾಲತಾಣದಲ್ಲಿ ಸಿಗುವ ಪ್ರಶ್ನಾವಳಿಗಳು ಜರಡಿ ಇದ್ದಂತೆ, ನಿರ್ಣಯ ವೈದ್ಯರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಮ್ಮೆ ಭೇಟಿ ನೀಡಿ ತಪಾಸಣೆ ನಡೆಸಬೇಕೆಂಬ ನಿಯಮವಿದೆ. ಬೆಳವಣಿಗೆಯ ವಿಳಂಬ ಹಾಗೂ ಆಟಿಸಂ ಅದರ ಪಟ್ಟಿಯಲ್ಲಿವೆ. ಸಮಸ್ಯೆಯೆಂದರೆ ಅಂಗನವಾಡಿಗೆ ಬಂದು ಕೂರಲಾರದ ಮಗುವೇ ತಪಾಸಣೆಯ ದಿನ ಮನೆಯಲ್ಲಿರುತ್ತದೆ. ತಂಡ ಬರುವ ದಿನವನ್ನು ಕಾರ್ಯಕರ್ತೆಯಿಂದ ತಿಳಿದು ಮಗುವನ್ನು ಕರೆತರಬೇಕು. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ, ಅಂದರೆ ಸಿ.ಆರ್.ಸಿ., ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಂಗವೈಕಲ್ಯ ಸಂಸ್ಥೆಯ ಆಡಳಿತದಲ್ಲಿ ಕಾರ್ಯ ನಿರ್ವಹಿಸುತ್ತಿದೆ. ಹೆಚ್ಚಿನ ಪರಿಶೀಲನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ಇವೆ. ಆದರೆ ವಾರಕ್ಕೆ ಎರಡು ಮೂರು ದಿನ ತರಬೇತಿ ಬೇಕಾದ ಮಗುವನ್ನು ಜಗಳೂರಿನ ಹಳ್ಳಿಯಿಂದ ದಾವಣಗೆರೆಗೆ ಬಸ್ಸಿನಲ್ಲಿ ಕರೆದೊಯ್ಯುವುದೆಂದರೆ ತಾಯಿಯ ಅಷ್ಟೂ ದಿನದ ಕೂಲಿ ಹೋದಂತೆ. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ. ವೀಡಿಯೊಗಳು ಇಷ್ಟು ಪ್ರಭಾವಿಯಾಗಿರುವುದಕ್ಕೆ ಈ ದೂರವೂ ಕಾರಣ. ದೂರದಿಂದಲೇ ಪೋಷಕರಿಗೆ ಮಾರ್ಗದರ್ಶನ ನೀಡುವ ಕ್ರಮ ಕೋವಿಡ್ ಕಾಲದಲ್ಲಿ ಬಳಕೆಗೆ ಬಂದಿದ್ದು, ಸೇವೆ ಪಡೆಯುವಾಗ ಅದರ ಬಗ್ಗೆಯೂ ವಿಚಾರಿಸಬಹುದು.

ಭಾಷೆಯ ವಿಷಯದಲ್ಲಿ ಒಂದು ತಪ್ಪು ಸಲಹೆ ವ್ಯಾಪಕವಾಗಿದೆ. ಮಗುವಿನೊಡನೆ ಒಂದೇ ಭಾಷೆ, ಅದರಲ್ಲೂ ಇಂಗ್ಲಿಷ್ ಮಾತನಾಡಿ ಎಂಬುದೇ ಅದು. ಹೊನ್ನಾಳಿ, ನ್ಯಾಮತಿಗಳ ತಾಂಡಾಗಳಲ್ಲಿ ಲಂಬಾಣಿ, ಚನ್ನಗಿರಿಯ ಹಲವು ಮನೆಗಳಲ್ಲಿ ಉರ್ದು ಮನೆಮಾತು. ಎರಡು ಭಾಷೆ ಕೇಳುವುದರಿಂದ ಆಟಿಸಂ ಮಕ್ಕಳ ಮಾತಿಗೆ ಹಾನಿಯಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಅಜ್ಜಿಗೆ ಬಾರದ ಭಾಷೆಯಲ್ಲಿ ಮಗುವನ್ನು ಮಾತನಾಡಿಸಲು ಹೊರಟರೆ, ಇರುವ ಮಾತೂ ಮನೆಯಲ್ಲಿ ಕಡಿಮೆಯಾಗುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ‘ಇಸಾ’ ಎಂದು ಕರೆಯಲಾಗುವ, 40 ಅಂಶಗಳ ಭಾರತೀಯ ಆಟಿಸಂ ಮಾಪನವನ್ನು ಬಳಸಲಾಗುತ್ತದೆ. ಒಟ್ಟು ಅಂಕ 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲವೆಂದೂ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ತೀವ್ರವೆಂದೂ ಪರಿಗಣನೆ. ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಶಾಲೆಗೆ ಹೋಗಲಾಗದವರಿಗೆ ಶಿಕ್ಷಣ ಇಲಾಖೆಯ ಬಿ.ಐ.ಇ.ಆರ್.ಟಿ. ಶಿಕ್ಷಕರ ಮೂಲಕ ಗೃಹಾಧಾರಿತ ಶಿಕ್ಷಣ ಲಭ್ಯ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ. ಮಗುವಿಗೆ 18 ತುಂಬಿದ ಬಳಿಕ ಕಾನೂನುಬದ್ಧ ಪಾಲಕರ ನೇಮಕಕ್ಕೆ ಇದೇ ಕಾಯ್ದೆಯಂತೆ ರಚನೆಯಾದ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ.